ಮರುಭೂಮಿಯ ಊರಿಗೆ ಮೊದಲು ಬೇಕಾದದ್ದು ನೆರಳು

ದುಬೈನಲ್ಲಿ ಕನ್ನಡದವರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಂದೆರಡು ವಿವರ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಊರಿನ ಗಿಡಮರಗಳಿಗೆ ನೀರಿನ ವ್ಯವಸ್ಥೆ ಮಾಡುವುದು. ರಸ್ತೆ ಪಕ್ಕದ ಮರಕ್ಕೆ ಎಷ್ಟು ನೀರು ಬೇಕು, ಅದು ಎಲ್ಲಿಂದ ಬರಬೇಕು, ಪೈಪು ಎಲ್ಲಿ ಹಾದುಹೋಗಬೇಕು ಅಂತ ಲೆಕ್ಕ ಹಾಕುವುದು. ಈ ಕೆಲಸ ಮಾಡುತ್ತ ಮಾಡುತ್ತ ಒಂದು ವಿಷಯ ಮನಸ್ಸಲ್ಲಿ ಗಟ್ಟಿಯಾಗಿ ಕೂತಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮರುಭೂಮಿಯ ನಗರದಲ್ಲಿ ಎಷ್ಟು ಲಕ್ಷ ಗಿಡ ನೆಟ್ಟರು, ಎಷ್ಟು ಎಕರೆ ಹಸಿರಾಯಿತು ಅನ್ನುವ ಲೆಕ್ಕ ಆಮೇಲೆ ಕೇಳೋಣ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಎರಡಿವೆ. ಮಧ್ಯಾಹ್ನ ಮೂರು ಗಂಟೆಗೆ ಬಸ್ಸಿಗೆ ಕಾಯುತ್ತ ನಿಂತವರ ತಲೆ ಮೇಲೆ ನೆರಳು ಇದೆಯಾ? ಆ ನೆರಳು ಕೊಡುವ ಮರ ಕುಡಿಯುತ್ತಿರುವುದು ಯಾವ ನೀರು?

ಇಲ್ಲಿ ಕೂತಿರುವ ಎಷ್ಟೋ ಜನ ಉಡುಪಿ, ಮಂಗಳೂರು, ಭಟ್ಕಳದ ಕಡೆಯವರು. ಹಸಿರು ಅಂದರೆ ನಮ್ಮ ಕಣ್ಣಿಗೆ ತೋಟ, ಗದ್ದೆ, ಮಳೆ. ಆ ಕಣ್ಣಿನಿಂದಲೇ ಇಲ್ಲಿಯ ಹೆದ್ದಾರಿ ಪಕ್ಕದ ಹುಲ್ಲುಹಾಸು, ಬಣ್ಣಬಣ್ಣದ ಪೆಟೂನಿಯಾ ಹೂವು ನೋಡಿ ಖುಷಿಪಡುತ್ತೇವೆ. ನನಗೂ ಖುಷಿಯಾಗುತ್ತದೆ. ಆದರೆ ಆ ಹಸಿರು ಇರುವುದು ಕಾರಿನಲ್ಲಿ ಹೋಗುವವರ ಕಣ್ಣಿಗೆ. ನಡೆದುಹೋಗುವವರಿಗೆ ಹುಲ್ಲು ನೆರಳು ಕೊಡುವುದಿಲ್ಲ, ಹೂವಿನ ಪಾತಿಯೂ ಕೊಡುವುದಿಲ್ಲ. ಖರ್ಜೂರದ ಮರವನ್ನು ದೂರದೂರ ಸಾಲಾಗಿ ನೆಟ್ಟರೆ ಅದರ ನೆರಳೂ ಅಷ್ಟಕ್ಕಷ್ಟೇ.

ನೆರಳಿಗೆ ಯಾಕೆ ಇಷ್ಟು ಮಹತ್ವ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋನಿನಲ್ಲಿ 42 ಡಿಗ್ರಿ ಅಂತ ತೋರಿಸುತ್ತದಲ್ಲ, ಅದು ಗಾಳಿಯ ಬಿಸಿ, ಅದನ್ನು ಅಳೆಯುವುದೇ ನೆರಳಿನಲ್ಲಿ. ನಮ್ಮ ಮೈಗೆ ತಾಗುವ ಬಿಸಿ ಅದೊಂದೇ ಅಲ್ಲ. ಮೇಲಿನಿಂದ ಬಿಸಿಲು ನೇರವಾಗಿ ಬೀಳುತ್ತದೆ, ಗಾಜಿನ ಗೋಡೆಗೆ ಬಡಿದು ಪಕ್ಕದಿಂದ ಬರುತ್ತದೆ, ಕಾದ ಡಾಂಬರು ಕೆಳಗಿನಿಂದ ಕಾವು ಬೀರುತ್ತದೆ. ಬೇಸಿಗೆಯ ಮಧ್ಯಾಹ್ನ ಡಾಂಬರಿನ ಮೇಲ್ಮೈ 65 ಡಿಗ್ರಿ ದಾಟುವುದು ಸಾಮಾನ್ಯ. ಮರದ ಕೆಳಗೆ ನಿಂತರೆ ಗಾಳಿಯ ಬಿಸಿ ಹೆಚ್ಚೇನೂ ಇಳಿದಿರುವುದಿಲ್ಲ, ಆದರೆ ಈ ಮೂರೂ ಕಡೆಯ ಕಾವು ಒಟ್ಟಿಗೆ ಕಡಿಮೆಯಾಗುತ್ತದೆ. ಮೈ ತಕ್ಷಣ ಹಗುರಾಗುವುದು ಅದಕ್ಕೇ. ದುಬೈ, ದೋಹಾದಂಥ ಕಡಲ ಪಕ್ಕದ ಊರುಗಳಲ್ಲಿ ಇದು ಇನ್ನೂ ಮುಖ್ಯ. ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಬೆವರು ಆರುವುದಿಲ್ಲ. ಎಲೆಗಳು ನೀರನ್ನು ಆವಿಮಾಡಿ ತಂಪು ಮಾಡುತ್ತವೆ ಅನ್ನುವ ಲಾಭ ಒಣಹವೆಯ ಊರಿನಷ್ಟು ಇಲ್ಲಿ ಸಿಗುವುದಿಲ್ಲ. ಇಲ್ಲಿ ನಮ್ಮ ಕೈಯಲ್ಲಿರುವುದು ನೆರಳು ಮತ್ತು ಗಾಳಿಯ ಓಡಾಟ, ಎರಡೇ.

ಇದನ್ನು ಅಮೆರಿಕದ ಫೀನಿಕ್ಸ್ ನಗರ ಚೆನ್ನಾಗಿ ತೋರಿಸಿಕೊಟ್ಟಿದೆ. ಅರಿಜೋನಾದ ಮರುಭೂಮಿಯಲ್ಲಿರುವ ದೊಡ್ಡ ಊರು ಅದು. 2023ರಲ್ಲಿ ಅಲ್ಲಿ ಸತತ 31 ದಿನ ಗರಿಷ್ಠ ತಾಪಮಾನ 43 ಡಿಗ್ರಿ ದಾಟಿತ್ತು. ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಬಿಸಿಲಿನ ಕಾರಣಕ್ಕೆ ಸತ್ತವರು 645 ಜನ. ಶ್ರೀಮಂತ ದೇಶದ ಶ್ರೀಮಂತ ಊರಲ್ಲಿ! ಸತ್ತವರಲ್ಲಿ ಮನೆ ಇಲ್ಲದವರು, ವಯಸ್ಸಾದವರು, ಎಸಿ ಕೆಟ್ಟುಹೋಗಿದ್ದ ಮನೆಯವರು ತುಂಬಾ ಇದ್ದರು. ಕಾದ ಪಾದಚಾರಿ ದಾರಿಯಲ್ಲಿ ಜಾರಿ ಬಿದ್ದು ಸುಟ್ಟಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದವರೂ ಇದ್ದರು.

ಆ ನಗರ 2020ರಲ್ಲಿ ಒಂದು ಪ್ರಯೋಗ ಶುರು ಮಾಡಿತು. ಕಪ್ಪು ಡಾಂಬರಿನ ಮೇಲೆ ತಿಳಿ ಬೂದು ಬಣ್ಣದ ಲೇಪ ಬಳಿದರು, ಬಿಸಿಲು ಹೀರದೆ ವಾಪಸ್ ಕಳಿಸಲಿ ಅಂತ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಅಳತೆ ಮಾಡಿ ನೋಡಿದರು. ರಸ್ತೆಯ ಮೇಲ್ಮೈ ಮಧ್ಯಾಹ್ನ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪಾಗಿತ್ತು. ಆದರೆ ಮನುಷ್ಯನ ತಲೆ ಎತ್ತರದಲ್ಲಿ ಗಾಳಿಯ ಬಿಸಿ ಇಳಿದದ್ದು ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು, ಅಂದರೆ ಗೊತ್ತೇ ಆಗದಷ್ಟು. ಇನ್ನೊಂದು ವಿಷಯ ನೋಡಿ. ಆ ರಸ್ತೆಯ ಮೇಲೆ ನಿಂತವರ ಮೈಗೆ ತಾಗುವ ಕಾವು ಮಧ್ಯಾಹ್ನ ಸುಮಾರು 3 ಡಿಗ್ರಿ ಜಾಸ್ತಿಯೇ ಆಗಿತ್ತು, ಯಾಕಂದರೆ ರಸ್ತೆ ವಾಪಸ್ ಕಳಿಸಿದ ಬಿಸಿಲು ನಿಂತವರ ಮೈ ಮೇಲೇ ಬೀಳುತ್ತದೆ. ಹಾಗಂತ ಈ ಲೇಪ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಒಲೆ ಆರಿಸಿದ ಮೇಲೂ ಕಾವಲಿ ಬಿಸಿ ಇರುವ ಹಾಗೆ ಡಾಂಬರು ರಾತ್ರಿಯೆಲ್ಲ ಕಾವು ಬಿಡುತ್ತಿರುತ್ತದೆ, ಅದು ತಗ್ಗಿದರೆ ಒಳ್ಳೆಯದೇ. ಆದರೆ ಹಗಲು ನಡೆಯುವವರಿಗೆ ಅದರಿಂದ ಉಪಯೋಗ ಇಲ್ಲ. ನಡೆಯುವವರಿಗೆ ಮರವೇ ಬೇಕು, ಇಲ್ಲವೇ ಚಪ್ಪರ ಬೇಕು. ಫೀನಿಕ್ಸ್‌ನವರು 2010ರಲ್ಲೇ ಒಂದು ಯೋಜನೆ ಮಾಡಿ 2030ರ ಹೊತ್ತಿಗೆ ಊರಿನ ಕಾಲು ಭಾಗ ಮರದ ನೆರಳಿನಲ್ಲಿ ಇರಬೇಕು ಅಂತ ಗುರಿ ಇಟ್ಟುಕೊಂಡಿದ್ದರು. ಅದು ಆಗುವ ಲಕ್ಷಣ ಕಾಣಲಿಲ್ಲ. 2024ರಲ್ಲಿ ಹೊಸ ಯೋಜನೆ ತಂದರು. ಇದರಲ್ಲಿ ಕಟ್ಟಿದ ನೆರಳಿಗೂ ಜಾಗ ಕೊಟ್ಟಿದ್ದಾರೆ, ನೆರಳಿಲ್ಲದ ಬಡ ಬಡಾವಣೆಗಳಿಗೆ ಮೊದಲು ಕೊಡಬೇಕು ಅಂದಿದ್ದಾರೆ. ನನಗೆ ಇಷ್ಟವಾದದ್ದು ಈ ಕೊನೆಯ ಮಾತು. ಯಾವ ಊರಲ್ಲಾದರೂ ನೋಡಿ, ದುಡ್ಡಿರುವವರ ಬೀದಿಯಲ್ಲಿ ಮರ ಜಾಸ್ತಿ, ಬಸ್ಸಿಗೆ ಕಾಯುವವರ ಬೀದಿಯಲ್ಲಿ ಕಡಿಮೆ.

ಈಗ ನೀರಿನ ಲೆಕ್ಕಕ್ಕೆ ಬರೋಣ. ಕೊಲ್ಲಿ ದೇಶಗಳ ಬೇಸಿಗೆಯಲ್ಲಿ ಹಸಿರು ಹುಲ್ಲಿನಿಂದ ದಿನಕ್ಕೆ ಸುಮಾರು 8ರಿಂದ 10 ಮಿಲಿಮೀಟರ್ ನೀರು ಆವಿಯಾಗಿ ಹೋಗುತ್ತದೆ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಅಂದರೆ 1,000 ಚದರ ಮೀಟರ್ ಹುಲ್ಲುಹಾಸಿಗೆ ದಿನಕ್ಕೆ 10,000 ಲೀಟರ್ ಹತ್ತಿರ. ಅಷ್ಟು ನೀರನ್ನು ಸಮುದ್ರದಿಂದ ಉಪ್ಪು ತೆಗೆದು ತರುವುದಾದರೆ, ಇವತ್ತಿನ ಒಳ್ಳೆಯ ಯಂತ್ರದಲ್ಲೂ 1,000 ಲೀಟರಿಗೆ 3ರಿಂದ 4 ಯೂನಿಟ್ ಕರೆಂಟು ಬೇಕು. ಒಂದು ಸಣ್ಣ ಹುಲ್ಲುಹಾಸಿಗೆ ದಿನಕ್ಕೆ 30, 40 ಯೂನಿಟ್. ಉಳಿದ ಗಾಢ ಉಪ್ಪುನೀರು ವಾಪಸ್ ಸಮುದ್ರಕ್ಕೇ ಹೋಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಬೆಳೆಸಿದ ಆ ಹುಲ್ಲಿನ ಮೇಲೆ ಜುಲೈ ತಿಂಗಳ ಮಧ್ಯಾಹ್ನ ಒಬ್ಬರೂ ಕೂರುವುದಿಲ್ಲ, ಅಲ್ವಾ?

ಲಾಸ್ ವೇಗಸ್‌ನವರು ಈ ಲೆಕ್ಕ ಮಾಡಿ ಹುಲ್ಲಿಗೆ ಕೈ ಹಚ್ಚಿದರು. ಅಲ್ಲಿಯ ಮಳೆ ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು. ಕುಡಿಯುವ ನೀರಿನಲ್ಲಿ ಬಹುಪಾಲು ಕೊಲೊರಾಡೊ ನದಿಯದು, ಅದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮನೆಯೊಳಗೆ ಬಳಸಿದ ನೀರನ್ನು ಶುದ್ಧಮಾಡಿ ಅವರು ಮತ್ತೆ ಲೇಕ್ ಮೀಡ್ ಜಲಾಶಯಕ್ಕೇ ಬಿಡುತ್ತಾರೆ. ಹಾಗಾಗಿ ಸ್ನಾನದ ನೀರು ಹಾಳಾಗುವುದಿಲ್ಲ, ಹುಲ್ಲಿಗೆ ಹಾಕಿದ ನೀರು ಮಾತ್ರ ಗಾಳಿಗೆ ಹೋಗಿಬಿಡುತ್ತದೆ. ಬಹಳ ವರ್ಷಗಳಿಂದ ಹುಲ್ಲು ಕಿತ್ತವರಿಗೆ ದುಡ್ಡು ಕೊಡುತ್ತಿದ್ದರು. 2021ರಲ್ಲಿ ನೆವಾಡಾ ರಾಜ್ಯ ಕಾನೂನನ್ನೇ ಮಾಡಿತು. ರಸ್ತೆ ಮಧ್ಯೆ, ಕಚೇರಿಗಳ ಮುಂದೆ ಸುಮ್ನೆ ಚಂದಕ್ಕೆ ಬೆಳೆಸಿದ ಹುಲ್ಲಿಗೆ 2027ರಿಂದ ಆ ನದಿಯ ನೀರು ಹಾಕುವಂತಿಲ್ಲ. ಮಕ್ಕಳು ಆಡುವ ಮೈದಾನಕ್ಕೆ, ಉದ್ಯಾನಕ್ಕೆ ಅಡ್ಡಿಯಿಲ್ಲ. ನನ್ನ ಮಟ್ಟಿಗೆ ಇದು ಸರಿಯಾದ ಕಾನೂನು. ಆದರೆ ಕೆಲಸ ಮಾಡುವ ರೀತಿಯಲ್ಲಿ ಒಂದು ಎಚ್ಚರ ಬೇಕು. ಹುಲ್ಲಿನ ನಡುವೆ ಇರುವ ಮರ ಹುಲ್ಲಿಗೆ ಬಿಟ್ಟ ನೀರನ್ನೇ ಕುಡಿದು ಬೆಳೆದಿರುತ್ತದೆ, ಅದರ ಬೇರು ಮೇಲುಮೇಲೇ ಹರಡಿರುತ್ತದೆ. ಹುಲ್ಲು ಕಿತ್ತು ಸ್ಪ್ರಿಂಕ್ಲರ್ ನಿಲ್ಲಿಸಿ, ಮೇಲೆ ಜಲ್ಲಿ ಹರಡಿ ಹೋದರೆ ಎರಡು ಬೇಸಿಗೆಯಲ್ಲಿ ಆ ಮರವೂ ಒಣಗುತ್ತದೆ. ಉಳಿಸಬೇಕಾದ ನೆರಳೇ ಹೋಯಿತಲ್ಲ! ಹುಲ್ಲು ಕೀಳುವ ಮುಂಚೆಯೇ ಮರಕ್ಕೆ ಬೇರೆ ಡ್ರಿಪ್ ಲೈನ್ ಎಳೆಯಬೇಕು, ಅದೂ ಕಾಂಡದ ಬುಡಕ್ಕಲ್ಲ, ಕೊಂಬೆಗಳು ಚಾಚಿದ ಅಂಚಿನವರೆಗೆ.

ಮಳೆನೀರಿನ ವಿಷಯದಲ್ಲಿ ನನಗೆ ತುಂಬಾ ಪ್ರೀತಿಯ ಊರು ಅರಿಜೋನಾದ್ದೇ ಇನ್ನೊಂದು ನಗರ, ಟೂಸಾನ್. ಅಲ್ಲಿ ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಳೆ ಬರುತ್ತದೆ, ಚಳಿಗಾಲದಲ್ಲಿ ಒಂದಿಷ್ಟು, ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗು ಸಮೇತ ಇನ್ನೊಂದಿಷ್ಟು. ಬಂದ ಮಳೆ ರಸ್ತೆ ಮೇಲೆ ಹರಿದು ಚರಂಡಿ ಸೇರಿ ಊರಾಚೆ ಹೋಗುತ್ತಿತ್ತು. ರಸ್ತೆ ಅಂಚಿನ ಕಲ್ಲಿನ ಆಚೆ ಬದಿಯಲ್ಲಿ ಒಂದಡಿ ದೂರದ ಮಣ್ಣು ಒಣಗಿ ನಿಂತಿರುತ್ತಿತ್ತು. ಡನ್ಬಾರ್ ಸ್ಪ್ರಿಂಗ್ ಅನ್ನುವ ಬಡಾವಣೆಯ ಬ್ರಾಡ್ ಲ್ಯಾಂಕಾಸ್ಟರ್ ಎಂಬವರು ಅನುಮತಿ ಇಲ್ಲದೆಯೇ ಆ ಅಂಚಿನ ಕಲ್ಲನ್ನು ಒಂದು ಕಡೆ ಕೊಯ್ದರು. ರಸ್ತೆಗಿಂತ ತಗ್ಗಾಗಿ ಪಾತಿ ತೆಗೆದು, ರಸ್ತೆಯ ನೀರು ಒಳಗೆ ಬರುವ ಹಾಗೆ ಮಾಡಿ, ಅಲ್ಲಿ ಆ ನೆಲದ್ದೇ ಮರಗಳನ್ನು ನೆಟ್ಟರು. ಮೆಸ್ಕೀಟ್, ಪಾಲೋ ವರ್ಡೆ, ಐರನ್‌ವುಡ್. ಅಕ್ಕಪಕ್ಕದವರೂ ಸೇರಿಕೊಂಡರು. ಬೀದಿ ನೆರಳಾಯಿತು. ಆಮೇಲೆ ನಗರದವರೇ ಬಂದು ನೋಡಿ ಅದನ್ನು ಕಾನೂನುಬದ್ಧ ಮಾಡಿದರು, ಹೇಗೆ ಕೊಯ್ಯಬೇಕು ಅನ್ನುವ ನಿಯಮವನ್ನೂ ಬರೆದರು.

ಕೆಲಸ ಸರಳ, ಆದರೆ ಅದರ ಸೂಕ್ಷ್ಮಗಳು ಬಹಳ. ಲೆಕ್ಕ ನೋಡಿ: 100 ಚದರ ಮೀಟರ್ ರಸ್ತೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಒಂದೇ ಮಳೆಗೆ! ಅದನ್ನು ಒಳಗೆ ಬಿಟ್ಟುಕೊಳ್ಳುವ ಪಾತಿಯ ತಳ ರಸ್ತೆಗಿಂತ ಕೆಳಗಿರಬೇಕು, ಮರ ಮಾತ್ರ ಪಾತಿಯೊಳಗೆ ಸ್ವಲ್ಪ ಎತ್ತರದ ದಿಬ್ಬದ ಮೇಲಿರಬೇಕು, ಇಲ್ಲವಾದರೆ ಬುಡ ಕೊಳೆಯುತ್ತದೆ. ನೀರು ಒಂದು ದಿನದೊಳಗೆ ಇಂಗಬೇಕು, ನಿಂತರೆ ಸೊಳ್ಳೆ. ಮೇಲೆ ಒಣ ಎಲೆ, ತೊಗಟೆಯ ಮುಚ್ಚಿಗೆ ಬೇಕು. ಜಲ್ಲಿ ಹಾಕಿದರೆ ನೋಡಲು ಚೊಕ್ಕಟ, ಆದರೆ ಕಾವು ಹಿಡಿದಿಡುತ್ತದೆ. ನೀರು ಒಳಗೆ ಬರುವ ಬಾಯಲ್ಲಿ ಮಣ್ಣು, ಪ್ಲಾಸ್ಟಿಕ್ ಕಸ ಕಟ್ಟಿಕೊಳ್ಳುತ್ತದೆ, ಪ್ರತಿ ಮಳೆಗಾಲಕ್ಕೆ ಮುಂಚೆ ಯಾರಾದರೂ ತೆಗೆಯಲೇಬೇಕು. ಈ "ಯಾರಾದರೂ" ಅನ್ನುವಲ್ಲೇ ಎಷ್ಟೋ ಊರುಗಳ ಹಸಿರು ಯೋಜನೆ ಮುಗ್ಗರಿಸುತ್ತದೆ. ಗಿಡ ನೆಡಲು ಬಜೆಟ್ ಇರುತ್ತದೆ, ಫೋಟೋ ಇರುತ್ತದೆ, ಮೂರನೇ ವರ್ಷ ನೀರು ಬಿಡಲು ಆಳು ಇರುವುದಿಲ್ಲ. ಟೂಸಾನ್ 2020ರಲ್ಲಿ ನೀರಿನ ಬಿಲ್ಲಿಗೆ ಒಂದು ಸಣ್ಣ ಶುಲ್ಕ ಸೇರಿಸಿತು, ಸಾಮಾನ್ಯ ಮನೆಗೆ ತಿಂಗಳಿಗೆ ಒಂದು ಡಾಲರ್ ಆಸುಪಾಸು. ಆ ದುಡ್ಡು ಇಂಥ ಪಾತಿಗಳನ್ನು ಮಾಡಲು ಮತ್ತು ನೋಡಿಕೊಳ್ಳಲು ಮಾತ್ರ. ನನ್ನ ಪ್ರಕಾರ ಆ ಊರಿನ ದೊಡ್ಡ ಸಾಧನೆ ಈ ಒಂದು ಡಾಲರೇ. ಅದಕ್ಕೂ ಮುಂಚೆ 2008ರಲ್ಲಿ, ಹೊಸ ವಾಣಿಜ್ಯ ಕಟ್ಟಡಗಳು ತಮ್ಮ ಗಿಡಮರಗಳಿಗೆ ಬೇಕಾದ ನೀರಿನಲ್ಲಿ ಅರ್ಧವನ್ನು ಮಳೆನೀರಿನಿಂದಲೇ ಹೊಂದಿಸಬೇಕು ಅನ್ನುವ ನಿಯಮ ತಂದಿದ್ದರು. 2010ರಿಂದ ಅದು ಜಾರಿಯಲ್ಲಿದೆ.

ಇದನ್ನು ಹಾಗೇ ತಂದು ದುಬೈನಲ್ಲಿ ಮಾಡಬಹುದಾ? ಆಗುವುದಿಲ್ಲ. ಇಲ್ಲಿಯ ಮಳೆ ವರ್ಷಕ್ಕೆ 100 ಮಿಲಿಮೀಟರಿಗಿಂತ ಕಡಿಮೆ, ಅದೂ ಚಳಿಗಾಲದ ನಾಲ್ಕಾರು ದಿನಗಳಲ್ಲಿ ಬಂದು ಮುಗಿಯುತ್ತದೆ. ಮಳೆಯನ್ನೇ ನಂಬಿ ಬೀದಿಯ ಮರ ಬೆಳೆಸಲಾಗದು. ಆದರೆ ಪಾತಿಯ ಉಪಯೋಗ ಬೇರೆ ಕಡೆಯಿಂದ ಬರುತ್ತದೆ. 2024ರ ಏಪ್ರಿಲ್ 16 ನಿಮಗೆಲ್ಲ ನೆನಪಿರಬೇಕು. ಒಂದೇ ದಿನದಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ಮಳೆ ಸುರಿಯಿತು, ಅಲ್ ಐನ್ ಕಡೆ ಒಂದು ಕೇಂದ್ರದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ದಾಖಲಾಯಿತು. 75 ವರ್ಷಗಳ ದಾಖಲೆಯಲ್ಲೇ ಅದು ಅತಿ ಹೆಚ್ಚು. ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು, ಹೆದ್ದಾರಿಯಲ್ಲಿ ಮುಳುಗಿದ ಕಾರು, ನೆಲಮಾಳಿಗೆಯಲ್ಲಿ ಲಿಫ್ಟ್ ಕೆಟ್ಟು ಮೇಲಿನ ಮಹಡಿಗಳಲ್ಲೇ ಉಳಿದ ವಯಸ್ಸಾದವರು. ಅದಾದ ಎರಡು ತಿಂಗಳಿಗೆ ದುಬೈ 30 ಬಿಲಿಯನ್ ದಿರ್ಹಮ್‌ನ ಮಳೆನೀರು ಚರಂಡಿ ಯೋಜನೆ ಘೋಷಿಸಿತು, ತಸ್ರೀಫ್ ಅಂತ ಹೆಸರು. ದೊಡ್ಡ ಸುರಂಗ ಬೇಕು, ಒಪ್ಪುತ್ತೇನೆ. ಆದರೆ ಪಾರ್ಕಿಂಗ್ ಜಾಗ, ರಸ್ತೆಯ ಮಧ್ಯದ ಪಟ್ಟಿ, ಉದ್ಯಾನ ಎಲ್ಲವೂ ರಸ್ತೆಗಿಂತ ಎತ್ತರದಲ್ಲಿ ಯಾಕಿರಬೇಕು? ಅಷ್ಟೂ ಜಾಗ ಒಂದು ಗೇಣು ತಗ್ಗಿದ್ದಿದ್ದರೆ ಮೊದಲ ಒಂದು ಗಂಟೆಯ ನೀರನ್ನು ಅಲ್ಲೇ ಹಿಡಿಯುತ್ತಿತ್ತು, ಸುರಂಗದ ಹೊರೆಯೂ ಕಡಿಮೆಯಾಗುತ್ತಿತ್ತು. ಹೊಸ ಬಡಾವಣೆ ಕಟ್ಟುವಾಗ ಇದಕ್ಕೆ ಹೆಚ್ಚಿಗೆ ದುಡ್ಡು ಬೇಕಿಲ್ಲ, ನಕ್ಷೆಯಲ್ಲಿ ಮಟ್ಟ ಬದಲಿಸಿದರೆ ಸಾಕು.

ಹಾಗಾದರೆ ದಿನನಿತ್ಯಕ್ಕೆ ಮರಕ್ಕೆ ನೀರೆಲ್ಲಿ? ಬಳಸಿದ ನೀರು. ಮಳೆ ಬರಲಿ ಬಿಡಲಿ, ಲಕ್ಷಾಂತರ ಜನ ದಿನವೂ ಸ್ನಾನ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾರೆ. ಆ ಕೊಳಚೆ ನೀರನ್ನು ಚೆನ್ನಾಗಿ ಶುದ್ಧಮಾಡಿದರೆ ಅದೇ ಊರಿನ ಹೊಳೆ. ರಿಯಾದ್ ನಗರದಲ್ಲಿ ಇದು ಮಾತಿಗೆ ಹೇಳುವ ಹೊಳೆಯಲ್ಲ, ನಿಜವಾಗಿ ಕಣ್ಣಿಗೆ ಕಾಣುವ ಹೊಳೆ. ಊರಿನ ಪಶ್ಚಿಮಕ್ಕೆ ವಾದಿ ಹನೀಫಾ ಅಂತ 120 ಕಿಲೋಮೀಟರ್ ಉದ್ದದ ಕಣಿವೆ ಇದೆ. ದಶಕಗಳ ಕಾಲ ಅಲ್ಲಿ ಕಟ್ಟಡದ ಅವಶೇಷ ಸುರಿದರು, ಮಣ್ಣು ತೋಡಿದರು, ಕೊಳಕು ನೀರು ಬಿಟ್ಟರು. ಆಮೇಲೆ ಅದನ್ನು ತೊಳೆದು ಮೊದಲಿನಂತೆ ಮಾಡಿದರು. ಕಲ್ಲಿನ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರನ್ನು ಧುಮುಕಿಸಿ ಗಾಳಿ ಸೇರುವ ಹಾಗೆ ಮಾಡಿದರು, ಪಾಚಿ, ಸೂಕ್ಷ್ಮಜೀವಿ, ಮೀನುಗಳೇ ನೀರನ್ನು ಶುದ್ಧಮಾಡುವಂಥ ಕೊಳಗಳನ್ನು ಕಟ್ಟಿದರು. 2010ರಲ್ಲಿ ಈ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಈಗ ಸಂಜೆ ಹೊತ್ತು ಮನೆಮಂದಿಯೆಲ್ಲ ಚಾಪೆ, ಚಹಾ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಾರೆ.

ಅದೇ ಊರಲ್ಲಿ 2019ರಲ್ಲಿ ಗ್ರೀನ್ ರಿಯಾದ್ ಯೋಜನೆ ಶುರುವಾಯಿತು. 75 ಲಕ್ಷ ಮರ ನೆಡಬೇಕು, ಹಸಿರು ಹೊದಿಕೆ 1.5 ಶೇಕಡದಿಂದ 9.1 ಶೇಕಡಕ್ಕೆ ಏರಬೇಕು ಅನ್ನುವುದು ಗುರಿ. ಎಲ್ಲರೂ 75 ಲಕ್ಷದ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ಹೋದದ್ದು ಅದರ ಪಕ್ಕದ ಇನ್ನೊಂದು ಗುರಿಯ ಕಡೆ. ದಿನಕ್ಕೆ 90 ಸಾವಿರ ಘನ ಮೀಟರ್ ಇದ್ದ ಶುದ್ಧೀಕರಿಸಿದ ನೀರಿನ ಬಳಕೆಯನ್ನು 10 ಲಕ್ಷ ಘನ ಮೀಟರಿಗೆ ಏರಿಸಬೇಕು ಅಂತಿದೆ. ಆ ಪೈಪಿನ ಜಾಲ ಬಂದರೆ ಮರ ಉಳಿಯುತ್ತದೆ, ಬರದಿದ್ದರೆ 75 ಲಕ್ಷ ಅನ್ನುವುದು ಕಾಗದದಲ್ಲೇ ಇರುತ್ತದೆ. ಈ ನೀರಿಗೂ ಒಂದು ತೊಂದರೆ ಇದೆ, ಇದರಲ್ಲಿ ಲವಣ ಸ್ವಲ್ಪ ಜಾಸ್ತಿ. ದಿನವೂ ಚೂರು ಚೂರು ಹಾಕುತ್ತ ಹೋದರೆ ಉಪ್ಪು ಬೇರಿನ ಸುತ್ತ ಕಟ್ಟಿಕೊಳ್ಳುತ್ತದೆ. ಅದಕ್ಕೇ ಆಗಾಗ ಒಮ್ಮೆ ಧಾರಾಳವಾಗಿ ನೀರು ಬಿಟ್ಟು ಉಪ್ಪನ್ನು ಕೆಳಗೆ ತಳ್ಳಬೇಕು. ಉಪ್ಪು ತಡೆಯುವ ಮರವನ್ನೇ ಆರಿಸಬೇಕು.

ಮರದ ಆಯ್ಕೆಗೆ ಬಂದೆವು. ನಾವಿರುವ ಯುಎಇಯ ರಾಷ್ಟ್ರೀಯ ಮರ ಗಾಫ್, 2008ರಿಂದ. ಇದನ್ನು ಕೇಳಿದಾಗಲೆಲ್ಲ ನನಗೆ ಒಂದು ಸಂಭ್ರಮ, ಯಾಕಂದರೆ ಗಾಫ್ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ. ದಸರೆಯಲ್ಲಿ ಪೂಜೆ ಮಾಡುತ್ತೇವಲ್ಲ, ಅದೇ. ರಾಜಸ್ಥಾನದಲ್ಲಿ ಖೇಜ್ಡಿ, ಅಲ್ಲಿಯ ರಾಜ್ಯ ಮರ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಎಂಬ ಊರಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾ ದೇವಿ ಸೇರಿ ಬಿಷ್ಣೋಯಿ ಸಮುದಾಯದ 363 ಜನ ಮರ ಅಪ್ಪಿಕೊಂಡು ಪ್ರಾಣ ಕೊಟ್ಟರು ಅಂತ ಅಲ್ಲಿಯವರು ಇವತ್ತಿಗೂ ನೆನೆಯುತ್ತಾರೆ. ಮರುಭೂಮಿಯಲ್ಲಿ ಒಂದು ಮರದ ಬೆಲೆ ಏನು ಅಂತ ಅಲ್ಲಿ ಹುಟ್ಟಿದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಬನ್ನಿಯ ಬೇರು 30 ಮೀಟರ್ ಆಳದವರೆಗೂ ಇಳಿಯಬಲ್ಲದು. ಆದರೆ ದಿನವೂ ಬುಡಕ್ಕೆ ಡ್ರಿಪ್ ಬಿಟ್ಟು ಸಾಕಿದರೆ ಅದು ಯಾಕೆ ಇಳಿದೀತು? ಮೇಲೇ ಉಳಿಯುತ್ತದೆ, ಜೋರು ಗಾಳಿಗೆ ಉರುಳುತ್ತದೆ. ಸಸಿ ಇದ್ದಾಗ ನೀರು ಕೊಡಿ, ಆಮೇಲೆ ದಿನಗಳ ಅಂತರ ಹೆಚ್ಚಿಸುತ್ತ ಆಳವಾಗಿ ಇಂಗುವ ಹಾಗೆ ಕೊಡಿ. ಇದನ್ನು ಟೈಮರ್‌ನಲ್ಲಿ ಬದಲಿಸಲು ಎರಡು ನಿಮಿಷ ಸಾಕು.

ಇದರ ಎದುರು ಇನ್ನೊಂದು ಮರ ಇದೆ, ಕೋನೋಕಾರ್ಪಸ್. ಕೊಲ್ಲಿಯಲ್ಲಿ ದಮಾಸ್ ಅನ್ನುತ್ತಾರೆ. ಬೇಗ ಬೆಳೆಯುತ್ತದೆ, ಗೋಡೆಯಂತೆ ಕತ್ತರಿಸಬಹುದು, ಗುತ್ತಿಗೆದಾರರಿಗೆ ಅಚ್ಚುಮೆಚ್ಚು. ಅದರ ಬೇರು ನೀರಿನ ವಾಸನೆ ಹಿಡಿದು ಪೈಪು, ಚರಂಡಿ ಒಡೆದು ನುಗ್ಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇಗ ಹಸಿರು ತೋರಿಸಬೇಕು ಅನ್ನುವ ಆತುರದಿಂದ ಬಂದ ಮರ ಅದು. ನಮ್ಮ ಬಯಲುಸೀಮೆಯವರಿಗೆ ಈ ಪಾಠ ಹಳೆಯದು, ಬಳ್ಳಾರಿ ಜಾಲಿ ಹೇಗೆ ಬಂದು ಹೇಗೆ ಹಬ್ಬಿತು ಅಂತ ಕೊಪ್ಪಳ, ರಾಯಚೂರಿನ ಯಾವ ರೈತರನ್ನಾದರೂ ಕೇಳಿ.

ಅದೇ ಜಾಲಿ ಜೋಧಪುರದ ಮೆಹರಾನ್‌ಗಢ ಕೋಟೆಯ ಬುಡದ ಬಂಡೆಗಳನ್ನೂ ತುಂಬಿಕೊಂಡಿತ್ತು. 2006ರಲ್ಲಿ, ಮರಗಳ ಬಗ್ಗೆ ಪುಸ್ತಕ ಬರೆದ ಪ್ರದೀಪ್ ಕೃಷನ್ ಅವರ ಮುಂದಾಳತ್ವದಲ್ಲಿ ಸುಮಾರು 70 ಹೆಕ್ಟೇರ್ ಜಾಗದಲ್ಲಿ ಅದನ್ನು ಕಿತ್ತು ಆ ನೆಲದ್ದೇ ಗಿಡ ಬೆಳೆಸುವ ಕೆಲಸ ಶುರುವಾಯಿತು. ಜಾಲಿ ಕಡಿದರೆ ಮತ್ತೆ ಚಿಗುರುತ್ತದೆ, ಬೇರು ಬಂಡೆಯ ಸೀಳಿನೊಳಗೆ. ಕೊನೆಗೆ ಕೆಲಸಕ್ಕೆ ಬಂದವರು ಕಲ್ಲು ಒಡೆಯುವ ಖಂಡ್ವಾಲಿಯಾ ಜನ. ಸುತ್ತಿಗೆ ಬಡಿದ ಸದ್ದಿನಿಂದಲೇ ಬಂಡೆ ಎಲ್ಲಿ ಸೀಳುತ್ತದೆ ಅಂತ ಹೇಳಬಲ್ಲವರು ಅವರು. ಒಂದೊಂದು ಬೇರಿಗೂ ಬಂಡೆ ಕೊರೆದು ಕಿತ್ತರು, ಆ ಕುಳಿಯಲ್ಲೇ ಹೊಸ ಸಸಿ ಇಟ್ಟರು. ಇವತ್ತು ಅದು ರಾವ್ ಜೋಧಾ ಮರುಭೂಮಿ ಬಂಡೆ ಉದ್ಯಾನ. ಬೇಸಿಗೆಯಲ್ಲಿ ಹೋದರೆ ಕಂದು ಬಣ್ಣ, ಮಳೆ ಬಿದ್ದರೆ ಹಸಿರು. ವರ್ಷವಿಡೀ ಹಸಿರಾಗಿರಬೇಕು ಅನ್ನುವ ಹಟ ಬಿಟ್ಟ ಉದ್ಯಾನ. ನಮ್ಮಂಥ ವಿನ್ಯಾಸ ಮಾಡುವವರೆಲ್ಲ ಒಮ್ಮೆ ನೋಡಬೇಕಾದ ಜಾಗ.

ಜೋಧಪುರದ ಇನ್ನೊಂದು ಕಥೆಯೂ ಇದಕ್ಕೆ ಸೇರಿದ್ದು. ಆ ಊರು ಶತಮಾನಗಳ ಕಾಲ ಕೆರೆ, ಮೆಟ್ಟಿಲುಬಾವಿಗಳಿಂದ ಬದುಕಿತ್ತು. ದೂರದ ಕಾಲುವೆ ನೀರು ನಲ್ಲಿಗೆ ಬಂದ ಮೇಲೆ ಬಾವಿಯಿಂದ ಸೇದುವವರು ಇಲ್ಲವಾದರು. ಬಾವಿಗೆ ಕಸ ಬಿತ್ತು. ಹಳೇ ಊರಿನ ಕೆಳಗೆ ಅಂತರ್ಜಲ ಏರುತ್ತ ಬಂದು ನೆಲಮಾಳಿಗೆಗಳಿಗೆ ನುಗ್ಗಿತು, ಪಂಪು ಇಟ್ಟು ಹೊರಗೆ ಹಾಕಬೇಕಾಯಿತು. ಮರುಭೂಮಿಯ ಊರಲ್ಲಿ ಕಾಲಡಿಯ ನೀರನ್ನು ಚರಂಡಿಗೆ ಬಿಟ್ಟು, ನೂರಾರು ಕಿಲೋಮೀಟರ್ ದೂರದ ನೀರನ್ನು ಕುಡಿಯುವುದು! ಇದು ನನಗೆ ಸಂಕಟದ ವಿಷಯ. ಆ ಕೆಳಗಿನ ನೀರು ಕುಡಿಯಲು ಆಗದಿದ್ದರೂ ಮರಗಳಿಗೆ ಧಾರಾಳವಾಗಿ ಆಗುತ್ತಿತ್ತು.

ಹಳೇ ಊರುಗಳ ಬಗ್ಗೆ ಇಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಇಲ್ಲೇ ಅಲ್ ಫಾಹಿದಿಯ ಓಣಿಗಳಲ್ಲಿ ನಡೆದು ನೋಡಿ. ಅಲ್ಲಿ ಮರ ಕಡಿಮೆ, ಆದರೂ ನಡೆಯಬಹುದು, ಓಣಿ ಕಿರಿದು, ಗೋಡೆಯೇ ನೆರಳು. ಅಬುಧಾಬಿಯ ಮಸ್ದಾರ್ ಸಿಟಿಯಲ್ಲಿ ಇದೇ ಲೆಕ್ಕ ಹಿಡಿದು ಬೀದಿಗಳನ್ನು ಕಿರಿದು ಮಾಡಿದರು, ಬಿಸಿಲಿಗೂ ಗಾಳಿಗೂ ಹೊಂದುವ ಹಾಗೆ ಓರೆಯಾಗಿ ತಿರುಗಿಸಿದರು. ಅಲ್ ಐನ್ ಓಯಸಿಸ್‌ನಲ್ಲಂತೂ ಇನ್ನೂ ಹಳೆಯ ಜಾಣ್ಮೆ. ಫಲಜ್ ಅನ್ನುವ ಕಾಲುವೆಯಿಂದ ನೀರು, ಮೇಲೆ ಖರ್ಜೂರದ ನೆರಳು, ಅದರ ಕೆಳಗೆ ಮಾವು, ನಿಂಬೆ, ಅದರ ಕೆಳಗೆ ಮೇವು. ಒಂದೇ ನೀರಿಗೆ ಮೂರು ಹಂತದ ಬೆಳೆ. ನಮ್ಮ ಕರಾವಳಿ, ಮಲೆನಾಡಿನ ಅಡಿಕೆ ತೋಟದವರಿಗೆ ಇದು ನೋಡಿದ ತಕ್ಷಣ ಅರ್ಥವಾಗುತ್ತದೆ. ಅಗಲ ರಸ್ತೆ ಮೊದಲು ಹಾಕಿ, ಕಟ್ಟಡ ದೂರದೂರ ಕಟ್ಟಿ, ಕೊನೆಗೆ ಉಳಿದ ಜಾಗಕ್ಕೆ "ಹಸಿರು" ತುಂಬುವುದು ಈಗಿನ ರೂಢಿ. ಆ ಹೊತ್ತಿಗೆ ನೆರಳು ಎಲ್ಲಿ ಬೀಳಬೇಕು ಅನ್ನುವುದು ಕೈಮೀರಿ ಹೋಗಿರುತ್ತದೆ. ಮೊದಲ ನಕ್ಷೆ ಎಳೆಯುವ ದಿನವೇ ಮರ, ಗೋಡೆ, ನೀರು ಮೂರೂ ಮೇಜಿನ ಮೇಲಿರಬೇಕು.

2024ರ ಕೊನೆಯಲ್ಲಿ ದುಬೈ ವಾಕ್ ಅನ್ನುವ ಯೋಜನೆ ಬಂದಿದೆ, 2040ರೊಳಗೆ 6,500 ಕಿಲೋಮೀಟರ್ ನಡಿಗೆ ದಾರಿ ಅಂತ. ನನಗೆ ನಿಜವಾಗಿ ಸಂತೋಷ. ಅದರಲ್ಲಿ ಎಸಿ ಸೇತುವೆಗಳೂ ಇವೆ. ಆದರೆ ನನ್ನ ಆಸೆ, ಲೇಬರ್ ಕ್ಯಾಂಪಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ಅರ್ಧ ಕಿಲೋಮೀಟರ್ ದಾರಿಗೆ ಮೊದಲ ಮರ ಸಿಗಲಿ. ಬೇಸಿಗೆಯ ಮೂರು ತಿಂಗಳು ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅನ್ನುವ ನಿಯಮ ಈ ದೇಶದಲ್ಲಿ ಇದೆ, ಒಳ್ಳೆಯ ನಿಯಮ. ಆ ಎರಡೂವರೆ ಗಂಟೆ ಅವರು ಎಲ್ಲಿ ಕೂರುತ್ತಾರೆ ಅನ್ನುವುದು ನಗರ ಯೋಜನೆಯ ಪ್ರಶ್ನೆಯೇ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಮರ ಬೆಳೆಯಲು ಹತ್ತು ವರ್ಷ ಬೇಕಲ್ಲ, ಅಲ್ಲಿಯವರೆಗೆ ಏನು ಅಂತ ಒಬ್ಬರು. ಬಟ್ಟೆಯ ಚಪ್ಪರ ಹಾಕಿ, ಅಂದೆ. ಮರ ಮತ್ತು ಚಪ್ಪರ ಒಂದಕ್ಕೊಂದು ಪೈಪೋಟಿ ಅಲ್ಲ. ಚಪ್ಪರ ಸಸಿಗೂ ಮೊದಲ ಬೇಸಿಗೆ ದಾಟಲು ಸಹಾಯ ಮಾಡುತ್ತದೆ, ಮರ ದೊಡ್ಡದಾದ ಮೇಲೆ ಅದನ್ನು ಬಿಚ್ಚಿ ಮುಂದಿನ ಬೀದಿಗೆ ಒಯ್ಯಬಹುದು.

ಬೇವು ಬರುತ್ತದಾ ಅಂತ ಒಬ್ಬರು ಅಕ್ಕ ಕೇಳಿದರು. ಬರುತ್ತದೆ ಅಕ್ಕ, ಚೆನ್ನಾಗಿಯೇ ಬರುತ್ತದೆ. ಮೆಕ್ಕಾ ಹತ್ತಿರದ ಅರಾಫತ್ ಬಯಲಿನಲ್ಲಿ ಹಜ್ ಯಾತ್ರಿಗಳ ನೆರಳಿಗಾಗಿ ಸಾವಿರಾರು ಬೇವಿನ ಮರ ಬೆಳೆಸಿದ್ದಾರೆ. ಬನ್ನಿಗಿಂತ ನೀರು ಸ್ವಲ್ಪ ಜಾಸ್ತಿ ಬೇಕು, ಆದರೆ ನೆರಳು ದಟ್ಟ. ಜನ ನಿಲ್ಲುವ ಕಡೆ ಬೇವು, ಜನ ಹಾದುಹೋಗುವ ಕಡೆ ಬನ್ನಿ, ನಾನಾದರೆ ಹೀಗೆ ಹಂಚುತ್ತೇನೆ.

ನಮ್ಮ ಬಿಲ್ಡಿಂಗ್‌ನಲ್ಲಿ ನಾವೇನು ಮಾಡಬಹುದು ಅಂತ ಒಬ್ಬ ಹುಡುಗ ಕೇಳಿದ. ಎಸಿಯ ನೀರು ಹಿಡಿಯಿರಿ, ಅಂದೆ. ಬೇಸಿಗೆಯ ತೇವದ ಗಾಳಿಯಿಂದ ಎಸಿ ಸುರಿಸುವ ನೀರು ಸಣ್ಣ ಪ್ರಮಾಣದ್ದಲ್ಲ. ಬುರ್ಜ್ ಖಲೀಫಾ ಕಟ್ಟಡದಲ್ಲಿ ಹೀಗೆ ಸಿಗುವ ನೀರು ವರ್ಷಕ್ಕೆ ಸುಮಾರು 5.6 ಕೋಟಿ ಲೀಟರ್ ಅಂತಾರೆ, ಅದನ್ನು ಅವರು ಅಲ್ಲಿಯ ಗಿಡಮರಗಳಿಗೇ ಬಳಸುತ್ತಾರೆ. ನಿಮ್ಮದು ಐದು ಮಹಡಿಯ ಕಟ್ಟಡ ಆದರೂ ಒಂದೆರಡು ಮರಕ್ಕೆ ಸಾಕಾಗುತ್ತದೆ, ಅದೂ ಮರಕ್ಕೆ ನೀರು ಹೆಚ್ಚು ಬೇಕಾದ ತಿಂಗಳಲ್ಲೇ ಈ ನೀರೂ ಹೆಚ್ಚು ಬರುತ್ತದೆ. ಲವಣ ಇರುವುದಿಲ್ಲ. ಕುಡಿಯಲು ಮಾತ್ರ ಆಗದು. ಬಿಲ್ಡಿಂಗ್ ನೋಡಿಕೊಳ್ಳುವವರ ಹತ್ತಿರ ಮಾತಾಡಿ, ಡ್ರೈನ್ ಪೈಪನ್ನು ಒಂದು ಟ್ಯಾಂಕಿಗೆ ಸೇರಿಸಿ, ಅಲ್ಲಿಂದ ಡ್ರಿಪ್ ಎಳೆಯಿರಿ. ಮರವನ್ನು ಕಾಲುದಾರಿಯ ಪಶ್ಚಿಮ ಬದಿಗೆ ನೆಡಿ, ಮಧ್ಯಾಹ್ನದ ಮೇಲಿನ ಬಿಸಿಲು ಬರುವುದು ಆ ಕಡೆಯಿಂದ. ಸಾಧ್ಯವಾದರೆ ಡೆಲಿವರಿ ಹುಡುಗರು ಬೈಕ್ ನಿಲ್ಲಿಸಿಕೊಂಡು ಆರ್ಡರಿಗೆ ಕಾಯುತ್ತಾರಲ್ಲ, ಆ ಜಾಗಕ್ಕೆ ನೆರಳು ಬೀಳುವ ಹಾಗೆ ನೋಡಿ ನೆಡಿ. ಅಕ್ಟೋಬರ್ ಬರುವವರೆಗೆ ತಡೆದುಕೊಳ್ಳಿ, ಬೇಸಿಗೆಯಲ್ಲಿ ಇಟ್ಟ ಸಸಿ ಉಳಿಯುವುದು ಕಷ್ಟ.